ಗಿರಿಜಕ್ಕನ ಅಂಗಳಕ್ಕೆ ಹಾಸಿದ ಕರಿಕಲ್ಲು

ಮಣಿಪಾಲದ ಒಂದು ಆರ್ಕಿಟೆಕ್ಟ್ ಕಚೇರಿಯಲ್ಲಿ ಮೂವತ್ತು ವರ್ಷಕ್ಕೂ ಮೇಲೆ ನಾನು ಸೈಟ್ ಸೂಪರ್‌ವೈಸರ್ ಆಗಿದ್ದೆ. ನಿವೃತ್ತನಾಗಿ ಆದಿ ಉಡುಪಿಯ ಮನೆಯಲ್ಲಿ ಕುಳಿತ ಮೇಲೂ ನನ್ನ ಫೋನಿಗೆ ನಿವೃತ್ತಿ ಆಗಿಲ್ಲ. ಹೊಸದಾಗಿ ಕೆಲಸಕ್ಕೆ ಸೇರಿದ ಯಾರಾದರೊಬ್ಬರು ಬೆಳಗ್ಗೆಯೇ ಒಂದು ಚಿತ್ರ ಕಳುಹಿಸುತ್ತಾರೆ. "ಭಾಸ್ಕರಣ್ಣ, ಈ ಟೆಕ್ಸ್ಚರ್‌ನ ಕಲ್ಲು ಎಲ್ಲಿ ಸಿಗ್ತದೆ?" ಎಲ್ಲಿಯೂ ಸಿಗುವುದಿಲ್ಲ ಮಾರಾಯ! ಅದು ಕಲ್ಲಲ್ಲ, ಕಲ್ಲಿನ ಫೋಟೊ. ಒಂದು ಸಣ್ಣ ತುಂಡು ನೆಲದ ಫೋಟೊ ತೆಗೆದು, ಅದನ್ನೇ ಪಕ್ಕಪಕ್ಕ ಅಂಟಿಸಿ, ಇಡೀ ಅಂಗಳ ತುಂಬಿಸಿರುತ್ತಾರೆ. ಇದನ್ನು ಎಷ್ಟು ಜನರಿಗೆ, ಎಷ್ಟು ಸಲ ಹೇಳುವುದು? ಹೇಳಿ ಹೇಳಿ ನನ್ನ ಬಾಯಿ ಬತ್ತಿ ಹೋಗಿದೆ. ಅದಕ್ಕೇ ಒಂದು ಸಲ ಕೂತು ಬರೆದುಬಿಡುತ್ತಿದ್ದೇನೆ. ಇನ್ನು ಮುಂದೆ ಫೋನು ಮಾಡಿದವರಿಗೆ ಇದನ್ನೇ ಓದಲಿಕ್ಕೆ ಕೊಡುತ್ತೇನೆ.

ಕಲ್ಲು ಹಾಸುವ ಕೆಲಸವನ್ನು ನನಗೆ ಕಲಿಸಿದ್ದು ಕಾಲೇಜಲ್ಲ. ಕಾರ್ಕಳದ ಬಾಬು ಮೇಸ್ತ್ರಿ. ನನಗಿಂತ ಹತ್ತು ಹನ್ನೆರಡು ವರ್ಷ ದೊಡ್ಡವರು, ಸಣ್ಣ ಆಳು, ಧ್ವನಿ ಮಾತ್ರ ದೊಡ್ಡದು. ನಾನು ಸೇರಿದ ಹೊಸತರಲ್ಲಿ ಪೆರ್ಡೂರಿನ ಹತ್ತಿರ ಒಬ್ಬರ ಮನೆಯಂಗಳಕ್ಕೆ ಕಲ್ಲು ಹಾಸಿಸುವ ಜವಾಬ್ದಾರಿ ನನ್ನ ಮೇಲೆ ಬಿತ್ತು. ಡಿಪ್ಲೊಮಾ ಮುಗಿಸಿದ ಜಂಬ ಬೇರೆ. ಬೀಸಣಿಗೆಯ ಹಾಗೆ ಬಿಡಿಸಿಕೊಳ್ಳುವ ವಿನ್ಯಾಸ. ಒಂದೊಂದು ಕಲ್ಲನ್ನೂ ನಕ್ಷೆಯ ಪ್ರಕಾರ ಕೂರಿಸಿದೆ. ಲೆವೆಲ್ ಅಂದರೆ ಲೆವೆಲ್, ಗೋಲಿ ಇಟ್ಟರೆ ಇಟ್ಟಲ್ಲೇ ನಿಲ್ಲುತ್ತಿತ್ತು. ಬಾಬು ಮೇಸ್ತ್ರಿ ಬಂದು ನೋಡಿದವರು ಸೊಂಟಕ್ಕೆ ಕೈಯಿಟ್ಟು ಕೇಳಿದರು, "ಚಂದ ಆಗಿದೆ. ನೀರು ಎಲ್ಲಿಗೆ ಹೋಗುದು?"

ಇಳಿಜಾರು ಎನ್ನುವುದೊಂದು ಇರಬೇಕೆಂದೇ ನೆನಪಾಗಿರಲಿಲ್ಲ. ಜೂನ್ ತಿಂಗಳು ಬಂದಾಗ ನೀರು ಸೀದಾ ಅವರ ಚಾವಡಿಗೆ ಹೋಯಿತು. ಮನೆಯ ಯಜಮಾನರು ನನ್ನನ್ನು ಬೈದ ಬೈಗುಳ ಇಲ್ಲಿ ಬರೆಯುವ ಹಾಗಿಲ್ಲ. ಇಡೀ ಅಂಗಳ ಎಬ್ಬಿಸಿ ಎರಡನೇ ಸಲ ಹಾಸಿದೆವು. ಅಷ್ಟೂ ದಿನಗಳಲ್ಲಿ ಬಾಬು ಮೇಸ್ತ್ರಿ ನನಗೆ ಒಂದು ಮಾತೂ ಬೈಯಲಿಲ್ಲ. ಮಧ್ಯಾಹ್ನ ಊಟಕ್ಕೆ ಕೂತಾಗ ತಮ್ಮ ಬುತ್ತಿಯ ಮೀನಿನ ತುಂಡೊಂದನ್ನು ನನ್ನ ತಟ್ಟೆಗೆ ಹಾಕುತ್ತಿದ್ದರು, ಅಷ್ಟೆ.

ಅವರಿಗೊಂದು ಕ್ರಮ ಇತ್ತು. ಯಾವ ಅಂಗಳವೇ ಇರಲಿ, ಹಾಸಿ ಮುಗಿದ ದಿನ ಅದಕ್ಕೆಲ್ಲ ನೀರು ಹೊಯ್ಯಿಸುವುದು. ಆಮೇಲೆ ತಮ್ಮ ಅಂಗಾಲಿಗೆ ಬಟ್ಟೆ ಒಗೆಯುವ ಸೋಪು ಉಜ್ಜಿಕೊಳ್ಳುವುದು. ಹೆಗಲ ಮೇಲೆ ತುಂಬಿದ ಕೊಡಪಾನ ಇಟ್ಟುಕೊಂಡು ಮೂಲೆಯಿಂದ ಮೂಲೆಗೆ ನಡೆಯುವುದು. ಎಲ್ಲಿ ಕಾಲು ಸರ್ರೆಂದಿತೋ ಅಲ್ಲಿಗೆ ಸೀಮೆಸುಣ್ಣದ ಗುರುತು. ಆ ಕಲ್ಲಿಗೆ ಮತ್ತೆ ಉಳಿಪೆಟ್ಟು. ನೋಡಿದವರೆಲ್ಲ ನಗುತ್ತಿದ್ದರು. ನಾನೂ ಒಮ್ಮೆ ಕೇಳಿದೆ, "ಎಂತ ಸರ್ಕಸ್ ಇದು ಮೇಸ್ತ್ರಿ? ಬಿದ್ದು ಸೊಂಟ ಮುರಿದರೆ?"

"ಬೀಳುದಾದರೆ ಹಾಸಿದವ ಬೀಳಲಿ ಮಾರಾಯ. ನಡೆಯುವವರು ಯಾಕೆ ಬೀಳಬೇಕು?"

ಈ ಕ್ರಮವನ್ನು ನಾನು ಎಲ್ಲ ಕೆಲಸದಲ್ಲೂ ಪಾಲಿಸಿದೆ. ಒಂದು ಕೆಲಸದಲ್ಲಿ ಬಿಟ್ಟೆ. ಆ ಒಂದು ಕೆಲಸದ ವಿಷಯವನ್ನೇ ಹೇಳಬೇಕಾಗಿದೆ.

ನನ್ನ ನಿವೃತ್ತಿಗೆ ಇನ್ನೆರಡು ವರ್ಷ ಇದ್ದಾಗ ಕಾಪುವಿನಲ್ಲಿ ಒಂದು ಹಳೆಯ ಮನೆಯನ್ನು ಹೊಸದು ಮಾಡುವ ಕೆಲಸ ಬಂತು. ಯಜಮಾನರು ದಾಮೋದರಣ್ಣ, ಎರಡು ಬೋಟು ಇರುವವರು. ಅವರ ಹೆಂಡತಿ ಗಿರಿಜಕ್ಕ. ಸಣ್ಣವರಿರುವಾಗ ಜ್ವರ ಬಂದು ಗಿರಿಜಕ್ಕನ ಎಡಗಾಲು ಸೊರಗಿತ್ತು. ಕೋಲು ಹಿಡಿದು, ಆ ಕಾಲನ್ನು ಸ್ವಲ್ಪ ಎಳೆದುಕೊಂಡು ನಡೆಯುತ್ತಿದ್ದರು. ಹಾಗೆಂದು ಅವರು ಕೂತು ತಿನ್ನುವ ಹೆಂಗಸಲ್ಲ. ಅಂಗಳದ ಆಚೆ ಬದಿಯಲ್ಲಿ, ರಸ್ತೆಗೆ ತಾಗಿಕೊಂಡು ಅವರದೇ ಒಂದು ಶೆಡ್ಡು. ಅಲ್ಲಿ ಅವರ ಒಣಮೀನಿನ ವ್ಯಾಪಾರ. ಗಂಡ ಬೋಟು ಕೊಳ್ಳುವುದಕ್ಕೆ ಎಷ್ಟೋ ಮೊದಲೇ ಶುರು ಮಾಡಿದ್ದು. ಮಳೆಗಾಲದಲ್ಲಿ ಬೋಟು ದಡದಲ್ಲಿದ್ದು ಹಸಿಮೀನು ಸಿಗದಿರುವಾಗ, ಊರಿಡೀ ಅವರ ಶೆಡ್ಡಿಗೆ ಬರುತ್ತದೆ. ವರ್ಷದ ವ್ಯಾಪಾರವೆಲ್ಲ ಆ ಎರಡು ತಿಂಗಳಲ್ಲಿಯೇ.

ನಕ್ಷೆ ಮಾಡಿದ್ದು ನಿಖಿತಾ ಮೇಡಂ. ನಮ್ಮ ಕಚೇರಿಯಲ್ಲಿ ಆಗಷ್ಟೇ ಎರಡು ವರ್ಷ ಕೆಲಸ ಮಾಡಿದ್ದ ಹುಡುಗಿ. ಬುದ್ಧಿವಂತೆ, ಅದರಲ್ಲಿ ಎರಡು ಮಾತಿಲ್ಲ. ಅಂಗಳಕ್ಕೆ ಮೀನಿನ ಪೊರೆಯ ಹಾಗೆ ಅರ್ಧಚಂದ್ರದ ಸಾಲುಗಳಲ್ಲಿ ಕಾರ್ಕಳದ ಕರಿಕಲ್ಲು ಹಾಸುವುದೆಂದು ಮಾಡಿದ್ದಳು. ಅದನ್ನು ಕಂಪ್ಯೂಟರಿನಲ್ಲಿ ಚಿತ್ರ ಮಾಡಿ ತೋರಿಸಿದಳು. ನಿಜ ಹೇಳುತ್ತೇನೆ, ನೋಡಿ ನನಗೂ ಬಾಯಿ ಮುಚ್ಚಲಿಕ್ಕಾಗಲಿಲ್ಲ. ಈಗಷ್ಟೇ ಮಳೆ ನಿಂತ ಹಾಗೆ ಅಂಗಳ ಮಿರಮಿರ ಮಿಂಚುತ್ತಿತ್ತು. ದಾಮೋದರಣ್ಣ ಆ ಚಿತ್ರವನ್ನು ದೊಡ್ಡದಾಗಿ ಪ್ರಿಂಟ್ ಹಾಕಿಸಿ, ಲ್ಯಾಮಿನೇಶನ್ ಮಾಡಿಸಿ, ಬಂದವರಿಗೆಲ್ಲ ತೋರಿಸತೊಡಗಿದರು.

ಕಲ್ಲಿನ ಮೈ ಯಾವುದಿರಬೇಕೆಂದು ತೀರ್ಮಾನಿಸಲು ನಾನು ಎರಡು ಮಾದರಿ ತುಂಡು ತೆಗೆದುಕೊಂಡು ಹೋಗಿದ್ದೆ. ಒಂದು ಪಾಲಿಶ್ ಮಾಡಿದ್ದು. ಇನ್ನೊಂದು ಬುಷ್ ಹ್ಯಾಮರ್, ಅಂದರೆ ಹಲ್ಲು ಹಲ್ಲಿರುವ ಸುತ್ತಿಗೆಯಿಂದ ಕುಟ್ಟಿ ತರಿತರಿ ಮಾಡಿದ್ದು. ದಾಮೋದರಣ್ಣ ಬಂದರಿಗೆ ಹೋಗಿದ್ದರು. ಗಿರಿಜಕ್ಕ ಎರಡಕ್ಕೂ ನೀರು ಹಾಕಲು ಹೇಳಿದರು. ಚಪ್ಪಲಿ ಕಳಚಿ, ಸೊರಗಿದ ಕಾಲನ್ನು ಮೊದಲು ಪಾಲಿಶಿನ ಮೇಲೆ ಇಟ್ಟರು. ತಕ್ಷಣ ತೆಗೆದರು. ಆಮೇಲೆ ತರಿ ಕಲ್ಲಿನ ಮೇಲಿಟ್ಟು, ಬೆರಳು ಒತ್ತಿ, ಮೈಭಾರ ಹಾಕಿ ನೋಡಿದರು.

"ಇದು ಹಾಕಿ ಭಾಸ್ಕರಣ್ಣ. ನನಗೆ ಬೇರೆ ಎಂತದೂ ಬೇಡ. ಕಾಲು ನಿಂತರೆ ಸಾಕು."

"ಆಯ್ತು ಅಕ್ಕ, ಇದನ್ನೇ ಹಾಕುವ" ಎಂದೆ. ಮಾತು ಕೊಟ್ಟದ್ದು ನಾನು. ಬೇರೆ ಯಾರೂ ಅಲ್ಲ.

ಕೆಲಸ ಶುರುವಾದ ಮೇಲೆ ದಾಮೋದರಣ್ಣನ ಕಾಟ ಶುರುವಾಯಿತು. ಅಬ್ಬ! ಆ ಲ್ಯಾಮಿನೇಶನ್ ಚಿತ್ರ ಹಿಡಿದುಕೊಂಡು ಬೆಳಗ್ಗೆ ಬಂದು ನಿಲ್ಲುವುದು. ಚಿತ್ರ ನೋಡುವುದು, ನೆಲ ನೋಡುವುದು. ಮತ್ತೆ ಚಿತ್ರ, ಮತ್ತೆ ನೆಲ. ಒಂದು ದಿನ ಚಿತ್ರದ ಮೇಲೆ ಬೆರಳಿಟ್ಟು ತೋರಿಸಿದರು. "ಭಾಸ್ಕರಣ್ಣ, ಇಲ್ಲಿ ಬಿಳಿ ಗೆರೆ ಇರುವ ಕಲ್ಲೊಂದು ಉಂಟು. ಆಚೆ ಹತ್ತು ಕಲ್ಲು ಬಿಟ್ಟು ಅಂಥದ್ದೇ ಮತ್ತೊಂದು. ಅದರಾಚೆ ಮತ್ತೊಂದು. ನೀವು ಹಾಸಿದ್ದರಲ್ಲಿ ಒಂದೂ ಇಲ್ವಲ್ಲ?"

ನೋಡಿದೆ. ಹೌದು, ಚಿತ್ರದಲ್ಲಿ ಹಾಗೆಯೇ ಇತ್ತು. ಒಂದೇ ಕಲ್ಲು, ಒಂದೇ ಕಡೆ ಅದೇ ಡೊಂಕು ಗೆರೆ, ಅಷ್ಟಷ್ಟು ದೂರಕ್ಕೆ ಮತ್ತೆ ಮತ್ತೆ. ಕಂಪ್ಯೂಟರ್ ಒಂದೇ ಫೋಟೊವನ್ನು ಅಂಟಿಸಿದ್ದೆಂದು ವಿವರಿಸಿದೆ. ಅವರಿಗೆ ತಲೆಗೆ ಹೋಗಲಿಲ್ಲ. ನಿಖಿತಾಳನ್ನು ಕರೆಸಿದೆ. ಅವಳು ನಗುತ್ತಾ, "ಸರ್, ಅದು ಟೆಕ್ಸ್ಚರ್ ರಿಪೀಟ್ ಆದದ್ದು ಅಷ್ಟೆ, ನಿಜವಾದ ಕಲ್ಲು ಹಾಗೆ ಇರುದಿಲ್ಲ" ಎಂದಳು.

"ಹಾಗಾದರೆ ನೀವು ನನಗೆ ಸುಳ್ಳು ತೋರಿಸಿದ್ದಾ?"

ಹುಡುಗಿಯ ನಗು ಹಾರಿಹೋಯಿತು. ಕೊನೆಗೆ ನಾನೂ ಬಾಬು ಮೇಸ್ತ್ರಿಯೂ ಕಾರ್ಕಳಕ್ಕೆ ಹೋಗಿ, ಕಲ್ಲಿನ ರಾಶಿಗಳ ನಡುವೆ ಎರಡು ದಿನ ಬಿಸಿಲಲ್ಲಿ ಬಿಳಿ ಗೆರೆಯ ಕಲ್ಲು ಹುಡುಕಿದೆವು. ಅರವತ್ತೈದು ದಾಟಿದ ಮೇಸ್ತ್ರಿ, ಐವತ್ತಾರರ ಸೂಪರ್‌ವೈಸರ್. ಗೆರೆಯಿಲ್ಲದ ಶುದ್ಧ ಕಪ್ಪು ಬೇಕೆಂದು ಜನ ಹಟ ಹಿಡಿಯುತ್ತಾರೆ. ಗೆರೆ ಬೇಕೆಂದು ಹುಡುಕುವವರನ್ನು ಆ ಕಲ್ಲಿನ ವ್ಯಾಪಾರಿ ಜನ್ಮದಲ್ಲಿ ಕಂಡಿರಲಿಲ್ಲ. ಅವನು ಮೂಲೆಗೆ ಬಿಸಾಡಿದ್ದ ಕಲ್ಲುಗಳನ್ನೇ ಹೊರೆಸಿಕೊಂಡು ಬಂದೆವು. ಅವನ ಮುಖದಲ್ಲಿದ್ದ ಸಂತೋಷ ನೋಡಬೇಕಿತ್ತು.

ಗೆರೆಯ ಗಲಾಟೆ ಮುಗಿಯಿತು ಎನ್ನುವಾಗ ಹೊಳಪಿನ ಗಲಾಟೆ. ಹಾಸಿದ್ದು ತರಿ ಕಲ್ಲು, ಬೂದು ಬಣ್ಣಕ್ಕೆ ಕಾಣುತ್ತಿತ್ತು. ಚಿತ್ರದಲ್ಲಿ ಕಪ್ಪಗೆ ಮಿಂಚುತ್ತಿತ್ತು. "ಇದು ಎಂತ, ಬೂದಿ ಬಳಿದ ಹಾಗೆ?" ಎಂದು ದಾಮೋದರಣ್ಣ ಕೂಗಾಡಿದರು. ಅಷ್ಟರಲ್ಲಿ ಹಾಸಿದ್ದು ನಾಲ್ಕೇ ಸಾಲು. ನಾನು ಹೇಳಿದೆ, "ದಾಮೋದರಣ್ಣ, ಚಿತ್ರದಲ್ಲಿ ಇರುವುದು ಒದ್ದೆ ನೆಲ. ಚಂದ ಕಾಣಲಿ ಅಂತ ಹಾಗೆ ಮಾಡಿದ್ದು. ಪಾಲಿಶ್ ಕಲ್ಲನ್ನು ಹೊರಗೆ ಹಾಕಿದರೆ ನಮ್ಮ ಮಳೆಗೆ ಜಾರ್ತದೆ. ಗಿರಿಜಕ್ಕನ ಕಾಲಿಗೆ ಆಗುದಿಲ್ಲ."

"ಅವಳಿಗೆ ಹೇಳುವ, ಮಳೆಗಾಲದಲ್ಲಿ ಶೆಡ್ಡಿನಲ್ಲಿ ನನ್ನ ತಂಗಿಯ ಮಗಳು ಕೂತುಕೊಳ್ತಾಳೆ. ನೀವು ಚಿತ್ರದಲ್ಲಿ ಇದ್ದ ಹಾಗೆ ಮಾಡಿ."

ನಾನು ಒಪ್ಪಲಿಲ್ಲ. ಅವರು ನಮ್ಮ ಕಚೇರಿಯ ಯಜಮಾನರಿಗೆ ಫೋನು ಹಚ್ಚಿದರು. ಐದೇ ನಿಮಿಷದಲ್ಲಿ ನನಗೆ ಅವರ ಫೋನು. "ಭಾಸ್ಕರ, ಕ್ಲೈಂಟ್ ಕೇಳಿದ್ದು ಕೊಡು ಮಾರಾಯ. ನಿನ್ನದು ಎಂತ ರಗಳೆ?" ನಮ್ಮ ಯಜಮಾನರು ಕೆಟ್ಟವರಲ್ಲ. ಆದರೆ ಮೂವತ್ತು ವರ್ಷದಲ್ಲಿ ಒಂದು ಸಲವೂ ಅವರು ಚಪ್ಪಲಿ ಕಳಚಿ ಯಾವ ನೆಲದ ಮೇಲೂ ನಡೆದದ್ದನ್ನು ನಾನು ನೋಡಿಲ್ಲ.

ನಾನು ಸೋತೆ. ಇದನ್ನು ಬೇರೆ ರೀತಿಯಲ್ಲಿ ಬರೆಯಬಹುದಿತ್ತು, ಒತ್ತಡ ಅದು ಇದು ಅಂತ. ಸುಸ್ತಾಗಿತ್ತು, ಜಗಳ ಸಾಕಾಗಿತ್ತು, ಸೋತೆ, ಅಷ್ಟೆ. ನಾಲ್ಕು ಸಾಲು ಎಬ್ಬಿಸಿ ಪಾಲಿಶ್ ಕಲ್ಲು ತರಿಸಿದೆ. ಗಿರಿಜಕ್ಕ ಅಡುಗೆಮನೆಯ ಬಾಗಿಲಲ್ಲಿ ನಿಂತು ನೋಡುತ್ತಿದ್ದರು. ನಾನೇ ಹೋಗಿ, "ಏನೂ ಆಗುದಿಲ್ಲ ಅಕ್ಕ, ಕಲ್ಲುಗಳ ನಡುವೆ ಜಾಯಿಂಟ್ ಸ್ವಲ್ಪ ಅಗಲ ಬಿಡ್ತೇನೆ, ಕಾಲು ನಿಲ್ತದೆ" ಎಂದೆ. ಸುಳ್ಳೆಂದು ನನಗೂ ಗೊತ್ತಿತ್ತು, ಅವರಿಗೂ ಗೊತ್ತಿತ್ತು.

ಕೆಲಸ ಮುಗಿದದ್ದು ಗೃಹಪ್ರವೇಶದ ಹಿಂದಿನ ದಿನ ಮಧ್ಯಾಹ್ನ. ಶಾಮಿಯಾನದವರು ಕಂಬ ಹಿಡಿದುಕೊಂಡು ಹೊರಗೆ ನಿಂತಿದ್ದರು. ಬಾಬು ಮೇಸ್ತ್ರಿ ಸೋಪು ತರಲು ಹೇಳಿದರು. "ಈಗ ಬೇಡ ಮೇಸ್ತ್ರಿ, ಸಮಯ ಇಲ್ಲ" ಎಂದೆ. ಅವರು ನನ್ನ ಮುಖ ನೋಡಿದರು. ನಡೆದು ತೋರಿಸಿದರೆ ಎಲ್ಲರೆದುರು ಬೀಳುತ್ತಾರೆಂದು ಇಬ್ಬರಿಗೂ ಗೊತ್ತಿತ್ತು. ಉಳಿ, ಸುತ್ತಿಗೆ ಗೋಣಿಗೆ ಹಾಕಿಕೊಂಡು, ಊಟಕ್ಕೂ ನಿಲ್ಲದೆ ಕಾರ್ಕಳದ ಬಸ್ಸು ಹತ್ತಿದರು.

ಗೃಹಪ್ರವೇಶಕ್ಕೆ ಬಂದವರೆಲ್ಲ ಅಂಗಳವನ್ನು ಹೊಗಳಿದ್ದೇ ಹೊಗಳಿದ್ದು. ನನ್ನ ಕೈ ಕುಲುಕಿದರು. ಮೂವರು ಹೊಸ ಕೆಲಸ ಕೇಳಿದರು.

ಮಳೆಗಾಲ ಶುರುವಾಗಿ ಒಂದು ತಿಂಗಳಾದ ಮೇಲೆ, ಹೂಡೆಯ ಕಡೆ ಬೇರೊಂದು ಸೈಟಿನಲ್ಲಿದ್ದವನಿಗೆ ಮನಸ್ಸು ತಡೆಯಲಿಲ್ಲ. ಕಾಪುವಿಗೆ ಹೋದೆ. ಧೋ ಎಂದು ಸುರಿಯುತ್ತಿತ್ತು. ಗಿರಿಜಕ್ಕ ಬಿದ್ದಿರಲಿಲ್ಲ. ಬಿದ್ದಿದ್ದರೆ ನನಗೆ ಯಾರಾದರೂ ಫೋನು ಮಾಡಿ ಬೈಯುತ್ತಿದ್ದರು, ನಾನು ಅನುಭವಿಸಬೇಕಾದ್ದನ್ನು ಅನುಭವಿಸುತ್ತಿದ್ದೆ. ಅವರು ಅಡುಗೆಮನೆಯ ಹೊಸ್ತಿಲ ಒಳಗೆ ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು ಕೂತಿದ್ದರು. ಕೋಲನ್ನು ಗೋಡೆಗೆ ಒರಗಿಸಿದ್ದರು. ಅಂಗಳದ ಆಚೆ ಶೆಡ್ಡಿನಲ್ಲಿ ದಾಮೋದರಣ್ಣನ ತಂಗಿಯ ಮಗಳು ಮೊಬೈಲ್ ನೋಡುತ್ತಿದ್ದಳು. ಗಿರಾಕಿಯೊಬ್ಬಳು ಏನೋ ಕೇಳಿದಳು. ಆ ಹುಡುಗಿ ಇಲ್ಲವೆಂದು ಕೈ ಆಡಿಸಿದಳು. ಗಿರಾಕಿ ಹೊರಟುಹೋದಳು.

"ಅಲ್ಲೇ ಮೇಲಿನ ಡಬ್ಬಿಯಲ್ಲಿ ಉಂಟು" ಎಂದು ಗಿರಿಜಕ್ಕ ಕುಳಿತಲ್ಲಿಂದಲೇ ಕೂಗಿದರು. ಮಳೆಯ ಸದ್ದಿಗೆ ಅದು ಅರ್ಧ ಅಂಗಳವನ್ನೂ ದಾಟಲಿಲ್ಲ.

"ಹೇಗುಂಟು ಅಕ್ಕ?" ಎಂದೆ, ಬೇರೆ ಎಂತ ಕೇಳುವುದೆಂದು ತಿಳಿಯದೆ.

"ಚಂದ ಉಂಟು ಭಾಸ್ಕರಣ್ಣ. ಇಲ್ಲಿ ಕೂತು ನೋಡ್ಲಿಕ್ಕೆ ಲಾಯ್ಕ ಕಾಣ್ತದೆ. ಮಳೆ ಶುರುವಾದ ಮೇಲೆ ನಾನು ಅದರ ಮೇಲೆ ಕಾಲಿಡಲಿಲ್ಲ." ಸಿಟ್ಟಿನಿಂದ ಹೇಳಲಿಲ್ಲ. ಚಹಾ ಮಾಡಲಾ ಎಂದು ಕೇಳಿದ ಹಾಗೆಯೇ ಹೇಳಿದರು. ಚಹಾವನ್ನೂ ಕೊಟ್ಟರು. ನನ್ನ ಮೇಲೆ ನನಗೆ ಅಂಥ ಅಸಹ್ಯ ಮೊದಲೂ ಬಂದಿರಲಿಲ್ಲ, ಆಮೇಲೂ ಬಂದಿಲ್ಲ.

ಅಲ್ಲಿಂದ ಸೀದಾ ಕಾರ್ಕಳಕ್ಕೆ ಹೋದೆ. ಬಾಬು ಮೇಸ್ತ್ರಿ ಜಗಲಿಯಲ್ಲಿ ಕೂತಿದ್ದರು. ನಾನು ಬಾಯಿ ತೆರೆಯುವ ಮೊದಲೇ, "ಬಿದ್ದರಾ?" ಎಂದರು. "ಇಲ್ಲ. ಹೊರಗೇ ಬರುವುದಿಲ್ಲ" ಎಂದೆ. ಅವರು ಎದ್ದು ಒಳಗೆ ಹೋಗಿ ಗೋಣಿ ತಂದರು. ನನಗೆ ಸಮಾಧಾನ ಹೇಳುತ್ತಾರೇನೋ ಅಂದುಕೊಂಡಿದ್ದೆ. "ಆ ದಿನ ನಾನೂ ಬಸ್ಸು ಹತ್ತಬಾರದಿತ್ತು" ಎಂದರು.

ಮರುದಿನ ದಾಮೋದರಣ್ಣನಿಗೆ ಹೇಳದೆಯೇ ಕೆಲಸ ಹಿಡಿದೆವು. ಮಳೆ ಸ್ವಲ್ಪ ಹೊಳವಾಗಿತ್ತು. ಮೇಸ್ತ್ರಿ ಗಿರಿಜಕ್ಕನಿಗೆ, "ಅಕ್ಕ, ಹೊಸ ಕಲ್ಲು ಹಾಸುವ ಮೊದಲು ನೀವು ಶೆಡ್ಡಿಗೆ ಹೇಗೆ ಹೋಗುತ್ತಿದ್ದಿರೋ ಹಾಗೆಯೇ ಒಂದು ಸಲ ನಡೀರಿ. ನಾವಿಬ್ಬರೂ ಆಚೆ ಈಚೆ ಇರ್ತೇವೆ" ಎಂದರು. ಅವರು ಹೆದರುತ್ತಾ ಇಳಿದರು. ಹಿಂದಿನಿಂದ ಮೇಸ್ತ್ರಿ ಬಗ್ಗಿಕೊಂಡು ಪ್ರತಿ ಹೆಜ್ಜೆಗೂ ಗುರುತು ಹಾಕುತ್ತಾ ಬಂದರು. ನಾನಾಗಿದ್ದರೆ ಬಾಗಿಲಿನಿಂದ ಶೆಡ್ಡಿಗೆ ನೂಲು ಹಿಡಿದು ಸೀದಾ ಗೆರೆ ಎಳೆಯುತ್ತಿದ್ದೆ. ಗಿರಿಜಕ್ಕನ ದಾರಿ ಸೀದಾ ಇರಲಿಲ್ಲ. ಸೊರಗಿದ ಕಾಲಿಗೆ ಇಳಿಜಾರು ಅಡ್ಡ ಬರಬಾರದೆಂದು ಮೊದಲು ಎಡಕ್ಕೆ ಹೋಗಿ, ಬಟ್ಟೆ ಒಗೆಯುವ ಕಲ್ಲಿನ ಹತ್ತಿರ ಒಮ್ಮೆ ನಿಂತು ಉಸಿರು ತೆಗೆದು, ಆಮೇಲೆ ಬಲಕ್ಕೆ ತಿರುಗುತ್ತಿದ್ದರು. ಇಪ್ಪತ್ತು ಸಲ ಆ ಸೈಟಿಗೆ ಹೋಗಿದ್ದ ನನಗೆ ಇದು ಕಾಣಿಸಿಯೇ ಇರಲಿಲ್ಲ.

ಗುರುತಿನ ಮೇಲೆ ಎರಡಡಿ ಅಗಲಕ್ಕೆ ಮೇಸ್ತ್ರಿ ಕುಟ್ಟಲು ಕೂತರು. ಕಪ್ಪು ಹೊಳಪು ಸಿಡಿದು ಬೂದು ಬಣ್ಣ ಏಳತೊಡಗಿತು. ಹತ್ತು ಗಂಟೆಗೆ ದಾಮೋದರಣ್ಣ ಬಂದರು. ಆ ಕೂಗು ಸಮುದ್ರದವರೆಗೆ ಕೇಳಿಸಿರಬೇಕು. "ಎಂತ ಮಾಡುದು ಮಾರಾಯ್ರೆ ನೀವು! ಹೊಸ ಅಂಗಳಕ್ಕೆ ಸುತ್ತಿಗೆ ಹಾಕುದಾ? ತಲೆ ಸಮ ಉಂಟಾ ನಿಮಗೆ?"

ಗಿರಿಜಕ್ಕ ಕೋಲೂರಿ ಗಂಡನ ಎದುರು ಬಂದು ನಿಂತರು. "ನಾನು ಹೇಳಿದ್ದು. ನೀವು ಮಳೆಗೆ ಬೋಟು ದಡ ಹತ್ತಿಸಿ ನಿಲ್ಲಿಸುದು ಎರಡು ತಿಂಗಳು. ನನ್ನ ವ್ಯಾಪಾರ ಇರುದೇ ಆ ಎರಡು ತಿಂಗಳು, ನನ್ನನ್ನೂ ನಿಲ್ಲಿಸ್ತೀರಾ?" ಹಾಗೆನ್ನಲು ನಾವು ಹೇಳಿಕೊಟ್ಟಿರಲಿಲ್ಲ, ಕುಟ್ಟಿರೆಂದು ಅವರು ನಮಗೆ ಹೇಳಿಯೂ ಇರಲಿಲ್ಲ. ದಾಮೋದರಣ್ಣ ಗಡ್ಡ ಕೆರೆದುಕೊಂಡು, ಬೈಕು ಹತ್ತಿ ಹೋದರು. ಮಧ್ಯಾಹ್ನ ವಾಪಸು ಬಂದವರು ಮೇಸ್ತ್ರಿಗೆ ಮಳೆ ತಾಗದ ಹಾಗೆ ಬೋಟಿನ ಟಾರ್ಪಾಲು ಕಟ್ಟಿಕೊಟ್ಟರು.

ಕೆಲಸಕ್ಕೆ ನಾಲ್ಕು ದಿನ ಬೇಕಾಯಿತು. ಕೊನೆಯ ದಿನ ಸೋಪು, ನೀರು, ಕೊಡಪಾನ. ಮೇಸ್ತ್ರಿಯ ಬದಲು ಈ ಸಲ ನಾನು ನಡೆದೆ, ನನ್ನದೇ ಹಟ. ಮೇಸ್ತ್ರಿ ಎರಡು ಕಲ್ಲಿಗೆ ಗುರುತು ಹಾಕಿ ಮತ್ತೆ ಕುಟ್ಟಿದರು. ಸಂಜೆಗೆ ಗಿರಿಜಕ್ಕ ಒಬ್ಬರೇ, ಮಳೆಯಲ್ಲಿ, ಶೆಡ್ಡಿಗೆ ಹೋಗಿ ತಂಗಿಯ ಮಗಳನ್ನು ಎಬ್ಬಿಸಿ ತಮ್ಮ ಜಾಗದಲ್ಲಿ ಕೂತರು.

ನಿಖಿತಾ ಬಂದು ನೋಡಿ ಅತ್ತೇಬಿಟ್ಟಳು. ನನಗೆ ಪಾಪ ಅನ್ನಿಸಿತು. ಅವಳು ಕಷ್ಟಪಟ್ಟು ಮಾಡಿದ ಅರ್ಧಚಂದ್ರದ ಸಾಲುಗಳ ಮೇಲೆ ನಾವು ಡೊಂಕು ದಾರಿ ಎಳೆದಿದ್ದೆವು. "ಬೂಟು ಕಳಚಿ ನಡೆದು ನೋಡು ಮಗಾ" ಎಂದೆ. ನಡೆದಳು. ತರಿ ಕಲ್ಲಿನಿಂದ ಪಾಲಿಶಿಗೆ ಕಾಲಿಟ್ಟು ನನ್ನ ತೋಳು ಹಿಡಿದುಕೊಂಡಳು. ಆ ದಿನದ ಮಟ್ಟಿಗೆ ಅವಳಿಗೆ ಅರ್ಥವಾಯಿತು ಎಂದುಕೊಂಡೆ.

ನಾನು ನಿವೃತ್ತನಾದ ಮೇಲೆ ಆ ಮನೆಯ ಬಗ್ಗೆ ಒಂದು ದೊಡ್ಡ ಪತ್ರಿಕೆಯಲ್ಲಿ ನಾಲ್ಕು ಪುಟ ಬಂತು. ನಿಖಿತಾಳೇ ಪ್ರೀತಿಯಿಂದ ಎರಡು ಪ್ರತಿ ತಂದುಕೊಟ್ಟಳು. ತೆರೆದೆ. ಅಂಗಳದ ಚಿತ್ರ ಎರಡು ಪುಟಕ್ಕೂ ಹರಡಿತ್ತು. ಕಪ್ಪಗೆ, ಮಿರಮಿರ, ಸಾಲು ಸಾಲು ಮೀನಿನ ಪೊರೆ. ದಾರಿ ಇರಲಿಲ್ಲ. ಎಲ್ಲಿ ಹುಡುಕಿದರೂ ಇರಲಿಲ್ಲ. "ಅದನ್ನು ಫೋಟೊಗ್ರಾಫರ್ ಕಂಪ್ಯೂಟರಿನಲ್ಲಿ ತೆಗೆದರು ಭಾಸ್ಕರಣ್ಣ, ಫ್ರೇಮಿನಲ್ಲಿ ಚಂದ ಕಾಣ್ತಿರಲಿಲ್ಲ. ಕಲ್ಲು ಅಲ್ಲಿಯೇ ಉಂಟಲ್ಲ, ಎಂತ ತೊಂದರೆ?" ಎಂದಳು. ಆ ಅಂಗಳದಲ್ಲಿ ನಾನು ಸರಿಯಾಗಿ ಮಾಡಿಸಿದ್ದು ಅದೊಂದು ಎರಡಡಿ ಅಗಲದ ಕೆಲಸ. ಅದನ್ನೇ ಒರೆಸಿ ಹಾಕಿದ್ದರು.

ಒಂದು ಪ್ರತಿಯನ್ನು ಕಾಪುವಿಗೆ ತೆಗೆದುಕೊಂಡು ಹೋದೆ. ಜುಲೈ ತಿಂಗಳು, ಶೆಡ್ಡಿನ ತುಂಬ ಗಿರಾಕಿಗಳು. ಗಿರಿಜಕ್ಕ ಒಣ ಸಿಗಡಿ ತೂಗುತ್ತಿದ್ದರು. ಕೈ ಸೆರಗಿಗೆ ಒರೆಸಿಕೊಂಡು ಪತ್ರಿಕೆ ತೆಗೆದುಕೊಂಡರು. ಆ ಎರಡು ಪುಟದ ಮೇಲೆ ಮೂಗು ತಾಗುವಷ್ಟು ಬಗ್ಗಿ ಬಹಳ ಹೊತ್ತು ನೋಡಿದರು. ಚಿತ್ರದಲ್ಲಿ ಅಡುಗೆಮನೆಯ ಬಾಗಿಲು ತೆರೆದೇ ಇತ್ತು. ಅದರ ಮೇಲೆ ಬೆರಳಿಟ್ಟು, ಅಲ್ಲಿಂದ ಆ ಕಪ್ಪು ಹೊಳಪಿನ ಮೇಲೆ ಒಂದಿಂಚು ಎಳೆದು, ಬೆರಳು ನಿಲ್ಲಿಸಿ ನನ್ನ ಮುಖ ನೋಡಿದರು.

"ಇದರಲ್ಲಿ ನಾನು ಹೊರಗೆ ಬರುದು ಹೇಗೆ ಭಾಸ್ಕರಣ್ಣ?"